ಸೇವಾನಿರತ ದೈವಶಾಸ್ತ್ರ ಉನ್ನತ ಶಿಕ್ಷಣ

ಸೇವಾನಿರತ ದೈವಶಾಸ್ತ್ರ ಉನ್ನತ ಶಿಕ್ಷಣ ಎಂದರೆ ಕ್ರೈಸ್ತ ಸಭೆಯಲ್ಲಿ ಸಭಾಪಾಲಕ, ಧರ್ಮಗುರು, ಸುವಾರ್ತಿಕ, ಉಪದೇಶಿ ಅಥವಾ ಸಂನ್ಯಾಸಿನಿಯಾಗಿ ಹೊಣೆ ಹೊತ್ತಿರುವವರು ಆ ಹೊಣೆಯನ್ನು ಬಿಡದೆ, ಇಲ್ಲವೇ ಗೊತ್ತಾದ ಅವಧಿಗೆ ಮಾತ್ರ ಅದರಿಂದ ಬಿಡುವು ಪಡೆದು, ದೈವಶಾಸ್ತ್ರದಲ್ಲಿ ಮುಂದಿನ ಹಂತದ ವ್ಯಾಸಂಗ ನಡೆಸುವ ವ್ಯವಸ್ಥೆ. ಪುಣೆ ಮತ್ತು ಕರ್ನಾಟಕದಲ್ಲಿ ಈ ವ್ಯವಸ್ಥೆ ಬೆಳೆದ ಬಗೆಯನ್ನೂ ಇಂದು ಅದು ನಡೆಯುವ ಕ್ರಮವನ್ನೂ ಈ ಲೇಖನ ವಿವರಿಸುತ್ತದೆ.

ವ್ಯಾಪ್ತಿ ಮತ್ತು ಪರಿಭಾಷೆ

ಇಲ್ಲಿ ‘ಸೇವೆ’ ಎಂಬುದು ಸಭೆಯ ನಿಯೋಜಿತ ಕೆಲಸವನ್ನು ಸೂಚಿಸುತ್ತದೆ: ಆರಾಧನೆ ನಡೆಸುವುದು, ಸಂಸ್ಕಾರ ನೀಡುವುದು, ಬೋಧನೆ, ಮನೆಭೇಟಿ, ಆಸ್ಪತ್ರೆ ಮತ್ತು ಶಾಲೆಗಳಲ್ಲಿನ ಧಾರ್ಮಿಕ ಹೊಣೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದನ್ನು ನಿರ್ವಹಿಸುವವರನ್ನು ಸಭಾಪಾಲಕರೆಂದೂ ಕಥೋಲಿಕರಲ್ಲಿ ಗುರು ಅಥವಾ ಧರ್ಮಗುರುವೆಂದೂ ಕರೆಯುತ್ತಾರೆ. ಗುರುಗಳನ್ನು ತಯಾರು ಮಾಡುವ ವಸತಿ ಸಂಸ್ಥೆಯನ್ನು ಕಥೋಲಿಕರು ಗುರುಮಠವೆನ್ನುತ್ತಾರೆ. ಪ್ರಾಟೆಸ್ಟೆಂಟರಲ್ಲಿ ಸೆಮಿನರಿ ಅಥವಾ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರೇ ರೂಢಿ. ‘ಉನ್ನತ ಶಿಕ್ಷಣ’ವೆಂದರೆ ಮುಖ್ಯವಾಗಿ ಬಿ.ಡಿ. (ಬ್ಯಾಚಲರ್ ಆಫ್ ಡಿವಿನಿಟಿ) ಅಥವಾ ಅದಕ್ಕೆ ಸಮಾನವಾದ ಮೊದಲ ಪದವಿಯ ನಂತರದ ವ್ಯಾಸಂಗ. ಆದರೆ ಸರ್ಟಿಫಿಕೇಟು ಮಾತ್ರ ಪಡೆದು ಸೇವೆಗೆ ಸೇರಿದವರಿಗೆ ಮೊದಲ ಪದವಿಯೇ ಉನ್ನತ ಶಿಕ್ಷಣವಾಗುವುದರಿಂದ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆಯಲಾಗದು.

ಉಗಮ

ಕೆಲಸಕ್ಕೆ ಸೇರಿದ ಮೇಲೆ ಓದು ಮುಂದುವರಿಸುವ ಕಟ್ಟಳೆ ಹಳೆಯದು. ಅಮೆರಿಕದ ಮೆಥಡಿಸ್ಟರು ಊರೂರು ಸುತ್ತುವ ಬೋಧಕರಿಗಾಗಿ 1816ರಲ್ಲಿ ನಿಗದಿತ ಪುಸ್ತಕಗಳ ಪಾಠಕ್ರಮವೊಂದನ್ನು ಗೊತ್ತುಮಾಡಿದರು. ಬೋಧಕನು ಕುದುರೆಯ ಮೇಲೆ ತಿರುಗುತ್ತಲೇ ಆ ಪುಸ್ತಕಗಳನ್ನು ಓದಿ, ವಾರ್ಷಿಕ ಸಮ್ಮೇಳನದಲ್ಲಿ ಪರೀಕ್ಷೆ ಎದುರಿಸುತ್ತಿದ್ದ.

ಭಾರತದಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ 1818ರಲ್ಲಿ ಸೆರಾಂಪುರ ಕಾಲೇಜನ್ನು ಸ್ಥಾಪಿಸಿದರು. ಸೆರಾಂಪುರ ಆಗ ಡೆನ್ಮಾರ್ಕಿನ ವಸಾಹತಾಗಿತ್ತು. ಆ ದೇಶದ ರಾಜ ಆರನೇ ಫ್ರೆಡರಿಕ್ 1827ರಲ್ಲಿ ನೀಡಿದ ಸನ್ನದಿನಿಂದ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂತು. ಅದರ ಬಲದ ಮೇಲೆ ದೈವಶಾಸ್ತ್ರದ ಮೊದಲ ಪದವಿಗಳು ಹೊರಬಂದದ್ದು ಮಾತ್ರ 1915ರಲ್ಲಿ. 1918ರ ಸೆರಾಂಪುರ ಕಾಲೇಜು ಕಾಯಿದೆ ಹಲವು ಸಭೆಗಳ ಪ್ರತಿನಿಧಿಗಳಿರುವ ಸೆನೆಟ್ಟನ್ನು ನೆಲೆಗೊಳಿಸಿತು. ದೇಶದ ಪ್ರಾಟೆಸ್ಟೆಂಟ್ ಸೆಮಿನರಿಗಳಲ್ಲಿ ಬಹಳಷ್ಟು ಇಂದಿಗೂ ಈ ಸೆನೆಟ್ಟಿಗೆ ಸೇರಿವೆ.

ಕನ್ನಡ ನಾಡಿನಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1840ರ ದಶಕದಲ್ಲೇ ಉಪದೇಶಿಗಳ ತರಬೇತಿ ಆರಂಭಿಸಿತು. 1844ರಲ್ಲಿ ಕ್ರೈಸ್ತನಾದ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಮಿಷನ್ನಿನ ಕೇಂದ್ರ ಸೆಮಿನರಿಯಲ್ಲಿ ಓದಿದರು. 1851ರಲ್ಲಿ ಸಭಾಸೇವೆಯ ದೀಕ್ಷೆ ಪಡೆದು ಮರಳಿ ಬಂದು ಸೇವೆಯಲ್ಲಿ ತೊಡಗಿದರು. ಕನ್ನಡ ಬಲ್ಲ ಭಾರತೀಯ ಸೇವಕನೊಬ್ಬ ಹೊರದೇಶದಲ್ಲಿ ಪೂರ್ಣ ದೈವಶಾಸ್ತ್ರ ಶಿಕ್ಷಣ ಪಡೆದ ತೀರ ಮೊದಲ ನಿದರ್ಶನಗಳಲ್ಲಿ ಇದೊಂದು. ಅಂಥ ಅವಕಾಶ ಸಿಕ್ಕವರು ವಿರಳ. ಉಳಿದವರು ಸ್ಥಳೀಯ ತರಬೇತಿ ಮುಗಿಸಿ ಹಳ್ಳಿಗಳಿಗೆ ಹೋಗುತ್ತಿದ್ದರು, ಮುಂದಿನ ಓದು ಅವರವರ ಸ್ವಂತ ಶ್ರಮಕ್ಕೆ ಬಿಟ್ಟದ್ದಾಗಿತ್ತು.

ಪದವಿಯ ಚೌಕಟ್ಟಿನ ಹೊರಗೆ ನಡೆದ ಇಂಥ ಸ್ವಾಧ್ಯಾಯದ ಫಲ ಕೆಲವೆಡೆ ಪದವಿಗಳನ್ನು ಮೀರಿಸುವಂತಿತ್ತು. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪ (1881–1962) ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ಕೆಲಸ ಮಾಡುತ್ತಲೇ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ವೀರಶೈವ ಮತ್ತು ಕ್ರೈಸ್ತ ಚಿಂತನೆಗಳನ್ನು ಜತೆಗಿಟ್ಟು ಅಧ್ಯಯನ ಮಾಡಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪುಣೆಯ ಕಡೆಗೆ ಇದಕ್ಕೆ ಸಾಟಿಯಾದದ್ದು ಪಂಡಿತಾ ರಮಾಬಾಯಿ (1858–1922) ಅವರ ಕೆಲಸ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಬಾಲ್ಯ ಆರಂಭಿಸಿದ ಅವರು ಪುಣೆ ಜಿಲ್ಲೆಯ ಕೇಡಗಾವಿನಲ್ಲಿ ಮುಕ್ತಿ ಮಿಷನ್ ನಡೆಸುತ್ತ, ನೂರಾರು ಹೆಂಗಸರು ಮಕ್ಕಳ ಹೊಣೆಯ ನಡುವೆಯೇ ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಇಡೀ ಅನುವಾದ ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1924ರಲ್ಲಿ.

ವಿಸ್ತರಣಾ ಶಿಕ್ಷಣ

ಸೇವೆಯಲ್ಲಿರುವವರನ್ನು ಕಾಲೇಜಿಗೆ ಕರೆಸುವ ಬದಲು ಕಾಲೇಜೇ ಅವರ ಬಳಿಗೆ ಹೋಗಬೇಕೆಂಬ ವಿಚಾರ ಸಂಸ್ಥಾರೂಪ ತಳೆದದ್ದು 1963ರಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲಾದ ಪ್ರೆಸ್ಬಿಟೀರಿಯನ್ ಸೆಮಿನರಿಯಲ್ಲಿ. ರಾಲ್ಫ್ ವಿಂಟರ್, ಜೇಮ್ಸ್ ಎಮೆರಿ ಮತ್ತು ರಾಸ್ ಕಿನ್ಸ್‌ಲರ್ ಅದರ ರೂವಾರಿಗಳು. ಸೆಮಿನರಿಯಲ್ಲಿ ತರಬೇತಾದವರಲ್ಲಿ ಅನೇಕರು ಹಳ್ಳಿಯ ಸಭೆಗಳಿಗೆ ಮರಳುತ್ತಿರಲಿಲ್ಲ. ಹಳ್ಳಿಗಳಲ್ಲಿ ನಿಜಕ್ಕೂ ಸಭೆ ನಡೆಸುತ್ತಿದ್ದ ಸಂಸಾರಸ್ಥ ನಾಯಕರಿಗೆ ಮನೆ, ಹೊಲ ಬಿಟ್ಟು ಬರಲು ಆಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಮೂರು ಅಂಗಗಳ ಪದ್ಧತಿ ರೂಪುಗೊಂಡಿತು: ವಿದ್ಯಾರ್ಥಿ ಮನೆಯಲ್ಲೇ ಓದಿ ಉತ್ತರ ಬರೆಯುವ ಸ್ವಬೋಧಿನಿ ಪುಸ್ತಕ, ದಿನನಿತ್ಯದ ಸಭಾಸೇವೆ, ಇವೆರಡನ್ನೂ ಕೂಡಿಸುವ ವಾರದ ಚರ್ಚಾಕೂಟ. ಚರ್ಚಾಕೂಟದಲ್ಲಿ ಹೊಸ ಪಾಠ ಹೇಳುವುದಿಲ್ಲ. ಓದಿ ಬಂದದ್ದನ್ನು ತಮ್ಮ ಸಭೆಯ ಅನುಭವಕ್ಕೆ ಹಚ್ಚಿ ನೋಡುವುದಷ್ಟೇ ಅಲ್ಲಿನ ಕೆಲಸ. ಆದ್ದರಿಂದ ಅಂಚೆ ಮೂಲಕ ಪಾಠ ಕಳುಹಿಸುವ ಶಿಕ್ಷಣವನ್ನೂ ಇದನ್ನೂ ಒಂದೇ ಎಂದು ಎಣಿಸುವುದು ಸರಿಯಲ್ಲ.

ಭಾರತದಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಲು 1971ರಲ್ಲಿ ಬೆಂಗಳೂರು ಕೇಂದ್ರವಾಗಿ ‘ಟ್ಯಾಫ್ಟೀ’ ಎಂಬ ಚುಟುಕು ಹೆಸರಿನ ಸಂಘ ಹುಟ್ಟಿತು. ಇದರ ಪದವಿ ಹಂತದ ಪಾಠಗಳು ಇಂಗ್ಲಿಷಿನಲ್ಲಿದ್ದರೆ, ಸರ್ಟಿಫಿಕೇಟು ಹಂತದವು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಬಂದಿವೆ. ಸೆರಾಂಪುರ ಸೆನೆಟ್ ತನ್ನದೇ ಬಾಹ್ಯ ವ್ಯಾಸಂಗದ ಕೇಂದ್ರವನ್ನು ‘ಸೆಪ್ಟರ್’ ಹೆಸರಿನಲ್ಲಿ ನಡೆಸುತ್ತದೆ, ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿ (ಬಿ.ಸಿ.ಎಸ್.) ಇದರ ಮೂಲಕ ದೊರೆಯುತ್ತವೆ. ದೀಕ್ಷೆ ಪಡೆಯದ ಸಾಮಾನ್ಯ ಸಭಿಕರೂ ಇವುಗಳಲ್ಲಿ ಸೇರಬಹುದಾದ್ದರಿಂದ, ಸಭಾಪಾಲಕರ ಸ್ವತ್ತಾಗಿದ್ದ ದೈವಶಾಸ್ತ್ರ ಶಿಕ್ಷಣ ಇತರರಿಗೂ, ಅದರಲ್ಲೂ ಹೆಂಗಸರಿಗೆ, ತೆರೆದುಕೊಂಡದ್ದು ಬಹುಮಟ್ಟಿಗೆ ಈ ದಾರಿಯಿಂದಲೇ.

ಪುಣೆಯ ಸಂಸ್ಥೆಗಳು

ಪುಣೆ ಪಶ್ಚಿಮ ಭಾರತದ ದೈವಶಾಸ್ತ್ರ ವ್ಯಾಸಂಗದ ದೊಡ್ಡ ಕೇಂದ್ರ. ಪ್ರಾಟೆಸ್ಟೆಂಟ್ ಪರಂಪರೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1953ರಲ್ಲಿ ವಿದರ್ಭದ ಯವತ್ಮಾಳದಲ್ಲಿ ಹಲವು ಸುವಾರ್ತಾ ಸಭೆಗಳ ಕೂಡುಸಂಸ್ಥೆಯಾಗಿ ರೂಪುಗೊಂಡಿತು. 1983ರಲ್ಲಿ ಪುಣೆಯ ಬಿಬ್ವೇವಾಡಿಗೆ ಸ್ಥಳಾಂತರವಾಯಿತು. ಇದು ಸೆರಾಂಪುರ ಸೆನೆಟ್ಟಿಗೆ ಸೇರಿದೆ. ಬಿ.ಡಿ. ಮತ್ತು ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಇಲ್ಲಿನ ಮುಖ್ಯ ಪದವಿಗಳು, ಬೋಧನೆ ಇಂಗ್ಲಿಷಿನಲ್ಲಿ.

ಕಥೋಲಿಕರ ಜ್ಞಾನದೀಪ ಸಂಸ್ಥೆ ಪುಣೆಯ ಪೂರ್ವಭಾಗದ ‘ನಗರ ರಸ್ತೆ’ಯಲ್ಲಿದೆ. ಇದರ ಮೂಲ ಹದಿಮೂರನೇ ಲಿಯೋ ಪೋಪರ ಇಚ್ಛೆಯಂತೆ 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಭಾರತದ ಗುರುಗಳಿಗಾಗಿ ತೆರೆದ ಪೇಪಲ್ ಸೆಮಿನರಿ. ಭಾರತ ಸ್ವತಂತ್ರವಾದ ಮೇಲೆ, 1955ರಲ್ಲಿ, ಅದು ಪುಣೆಗೆ ಬಂತು. ಯೇಸುಸಭೆಯವರು ನಡೆಸುವ ಜ್ಞಾನದೀಪದಲ್ಲಿ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರದಲ್ಲಿ ಬ್ಯಾಚಲರ್‌ನಿಂದ ಡಾಕ್ಟರೇಟ್‌ವರೆಗಿನ ಮೂರೂ ಹಂತಗಳ ವ್ಯಾಸಂಗವಿದೆ. ನಗರದಲ್ಲೇ ಇರುವ ಈಶ್ವಾಣಿ ಕೇಂದ್ರ ಮಿಷನ್ ಕುರಿತ ಅಧ್ಯಯನಕ್ಕೆ ಮೀಸಲಾಗಿದೆ.

ಈ ಸಂಸ್ಥೆಗಳೆಲ್ಲ ಹಳೆಯ ಪುಣೆಯ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿವೆ. ನಗರ ಪಶ್ಚಿಮಕ್ಕೂ ಬಹಳ ಬೆಳೆದಿದೆ. ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ ವಾಕಡ, ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಪಾರ್ಕಿನ ಮಗ್ಗುಲಲ್ಲಿ, ಮುಂಬಯಿ-ಬೆಂಗಳೂರು ಹೆದ್ದಾರಿಯ ಮೇಲಿದೆ. ಕರ್ನಾಟಕವೂ ಸೇರಿ ಬೇರೆ ರಾಜ್ಯಗಳಿಂದ ಬಂದ ಉದ್ಯೋಗಸ್ಥರು ತುಂಬಿರುವ ಇಂಥ ಬಡಾವಣೆಗಳಲ್ಲಿ ಸಭಾಸೇವೆಯ ಹೊತ್ತು ಸಂಜೆ ಮತ್ತು ವಾರಾಂತ್ಯಗಳಿಗೆ ಸರಿಯುತ್ತದೆ, ಏಕೆಂದರೆ ಜನ ಮನೆಯಲ್ಲಿ ಸಿಗುವುದೇ ಆಗ. ಉದ್ಯೋಗಸ್ಥ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳು ಇಡುವ ಸಂಜೆಯ ಮತ್ತು ವಾರಾಂತ್ಯದ ತರಗತಿಗಳು ಸಭಾಪಾಲಕನಿಗೆ ಒಗ್ಗದಿರಲು ಇದೇ ಕಾರಣ. ಅವನಿಗೆ ಬಿಡುವು ಸೋಮವಾರದಿಂದ ಶುಕ್ರವಾರದವರೆಗಿನ ಹಗಲಿನಲ್ಲಿ. ವಾಕಡದಿಂದ ಬಿಬ್ವೇವಾಡಿಗಾಗಲಿ ನಗರ ರಸ್ತೆಗಾಗಲಿ ಇಡೀ ನಗರವನ್ನು ದಾಟಿ ಹೋಗಬೇಕಾದ್ದರಿಂದ ಅದೇ ಹಗಲಿನ ಒಂದು ಪಾಲು ದಾರಿಯಲ್ಲೇ ಕಳೆಯುತ್ತದೆ.

ಕರ್ನಾಟಕದ ಸಂಸ್ಥೆಗಳು

ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಲ್ಲಿ ಹಲವು ಮಿಷನ್‌ಗಳ ಸಹಕಾರದಿಂದ ಆರಂಭವಾಯಿತು, ಎಲ್. ಪಿ. ಲಾರ್ಸೆನ್ ಅದರ ಆರಂಭಕಾಲದ ಪ್ರಾಂಶುಪಾಲರು. ಸ್ನಾತಕೋತ್ತರ ಮತ್ತು ಡಾಕ್ಟರೇಟ್ ವ್ಯಾಸಂಗಕ್ಕೆ ದಕ್ಷಿಣ ಭಾರತದ ಸಭೆಗಳು ತಮ್ಮ ಸಭಾಪಾಲಕರನ್ನು ಕಳುಹಿಸುವ ಮುಖ್ಯ ಸಂಸ್ಥೆಗಳಲ್ಲಿ ಇದೊಂದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು 1965ರಲ್ಲಿ ರೂಪುಗೊಂಡಿತು. ಬಾಸೆಲ್ ಮಿಷನ್ ಸೆಮಿನರಿಯ ಮತ್ತು ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯ ಪರಂಪರೆಗಳು ಇದರಲ್ಲಿ ಕೂಡಿವೆ. ಕನ್ನಡದಲ್ಲಿ ದೈವಶಾಸ್ತ್ರ ಕಲಿಸುವ ಮುಖ್ಯ ಸಂಸ್ಥೆಯೂ ಇದೇ. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್‌ರ ಹೆಸರಿನ ಗ್ರಂಥಾಲಯ ಇಲ್ಲಿದ್ದು, ಬಾಸೆಲ್ ಮಿಷನ್ನಿನ ಹಳೆಯ ಕನ್ನಡ ಮುದ್ರಣಗಳನ್ನು ಹುಡುಕುವ ಸಂಶೋಧಕರಿಗೆ ಅನಿವಾರ್ಯ ತಾಣವಾಗಿದೆ.

ಬೆಂಗಳೂರಿನ ಕೊತ್ತನೂರಿನಲ್ಲಿರುವ ‘ಸಾಯಾಕ್ಸ್’ 1980ರ ದಶಕದ ಆರಂಭದಲ್ಲಿ ಗ್ರಹಾಂ ಹೌಟನ್ ಅವರ ನೇತೃತ್ವದಲ್ಲಿ ಬೆಳೆದ ಸ್ನಾತಕೋತ್ತರ ಸಂಸ್ಥೆ. ಒಂದು ವಿಷಯವನ್ನು ಕೈಗೆತ್ತಿಕೊಂಡು ಕೆಲವೇ ವಾರಗಳಲ್ಲಿ ಒತ್ತಾಗಿ ಕಲಿಸಿ ಮುಗಿಸುವ ಇದರ ಕ್ರಮ, ಸೇವೆಯಿಂದ ಅಲ್ಪಾವಧಿಗೆ ಬಿಡುವು ಪಡೆದು ಬರುವವರಿಗೆ ಅನುಕೂಲ.

ಕಥೋಲಿಕರಲ್ಲಿ ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಗುರುಮಠ (1879), ಬೆಂಗಳೂರು ಮಲ್ಲೇಶ್ವರದ ಸಂತ ಪೇತ್ರರ ಪಾಂಟಿಫಿಕಲ್ ಸಂಸ್ಥೆ ಮತ್ತು ಧರ್ಮಾರಾಮ ವಿದ್ಯಾಕ್ಷೇತ್ರ ಮುಖ್ಯವಾದವು. ಮೊದಲನೆಯದು ಗುರುದೀಕ್ಷೆಗೆ ಮುಂಚಿನ ಶಿಕ್ಷಣಕ್ಕೆ. ಉಳಿದೆರಡರಲ್ಲಿ ದೀಕ್ಷೆಯ ನಂತರದ ಉನ್ನತ ಪದವಿಗಳೂ ಇವೆ.

ಪದವಿಗಳ ರಚನೆ

ಸೆರಾಂಪುರ ಪದ್ಧತಿಯಲ್ಲಿ ಬಿ.ಡಿ. ಮೂಲ ವೃತ್ತಿಪದವಿ, ಪ್ರವೇಶದ ಅರ್ಹತೆಗೆ ತಕ್ಕಂತೆ ನಾಲ್ಕು ಇಲ್ಲವೇ ಐದು ವರ್ಷದ ವಸತಿ ವ್ಯಾಸಂಗ. ಅನಂತರದ ಎಂ.ಟಿಎಚ್. ಎರಡು ವರ್ಷದ್ದು, ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೈವಶಾಸ್ತ್ರ, ಸಭಾಚರಿತ್ರೆ, ಧರ್ಮಗಳ ಅಧ್ಯಯನ, ಆಪ್ತಸಲಹೆ ಮೊದಲಾದ ಶಾಖೆಗಳಲ್ಲಿ ಒಂದನ್ನು ಆರಿಸಿಕೊಂಡು ಪ್ರಬಂಧ ಬರೆಯಬೇಕು. ಬೈಬಲ್ ಶಾಖೆಗಳನ್ನು ಆರಿಸುವವರಿಗೆ ಹೀಬ್ರೂ ಅಥವಾ ಗ್ರೀಕ್ ಬೇಕೇಬೇಕು. ಸೇವೆಯಲ್ಲಿ ವರ್ಷಗಳನ್ನು ಕಳೆದು ಮರಳಿ ಓದಲು ಬರುವವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಈ ಭಾಷೆಗಳೇ, ಏಕೆಂದರೆ ದಿನದ ಬಳಕೆಯಿಲ್ಲದೆ ಅವು ಮೊದಲು ಮರೆತುಹೋಗುತ್ತವೆ. ಡಿ.ಟಿಎಚ್. ಸಂಶೋಧನಾ ಡಾಕ್ಟರೇಟ್. ಇದರ ಮೇಲ್ವಿಚಾರಣೆಗೆಂದು ಸೆನೆಟ್ 1989ರಲ್ಲಿ ದಕ್ಷಿಣ ಏಷ್ಯಾ ದೈವಶಾಸ್ತ್ರ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು.

ಎಂ.ಟಿಎಚ್., ಡಿ.ಟಿಎಚ್. ಎರಡಕ್ಕೂ ಹೊರತಾದದ್ದು ಡಿ.ಮಿನ್., ಅಂದರೆ ಸೇವಾ ಡಾಕ್ಟರೇಟ್. 1970ರ ದಶಕದಲ್ಲಿ ಅಮೆರಿಕದ ಸೆಮಿನರಿಗಳಲ್ಲಿ ಹರಡಿದ ಈ ಪದವಿಗೆ ಸೇರಲು ಮೊದಲ ಪದವಿಯ ಜತೆಗೆ ಕೆಲವು ವರ್ಷಗಳ ಸಭಾಸೇವೆಯ ಅನುಭವ ಬೇಕು. ಅಭ್ಯರ್ಥಿ ತನ್ನ ಸಭೆಯಲ್ಲೇ ಒಂದು ಸಮಸ್ಯೆಯನ್ನು ಗುರುತಿಸಿ, ಅದಕ್ಕೊಂದು ಕಾರ್ಯಯೋಜನೆ ನಡೆಸಿ, ಫಲವನ್ನು ಪರಿಶೀಲಿಸಿ ಬರೆಯುತ್ತಾನೆ. ಸೇವೆ ಇಲ್ಲಿ ಓದಿಗೆ ಅಡ್ಡಿಯಾಗದೆ ಓದಿನ ವಸ್ತುವೇ ಆಗುತ್ತದೆ. ಕಾಲೇಜಿನಲ್ಲಿ ಬೋಧಿಸುವ ಹುದ್ದೆಗೆ ಮಾತ್ರ ಸಂಶೋಧನಾ ಡಾಕ್ಟರೇಟಿಗೆ ಇರುವ ಬೆಲೆ ಇದಕ್ಕಿಲ್ಲ.

ಕಥೋಲಿಕ ಪದ್ಧತಿಯಲ್ಲಿ ಮೂರು ಸುತ್ತುಗಳಿವೆ: ಬ್ಯಾಚಲರ್, ಲೈಸೆನ್ಷಿಯೇಟ್, ಡಾಕ್ಟರೇಟ್. ಇವನ್ನು ನಿಯಂತ್ರಿಸುವ ಪೋಪರ ಶಾಸನ ಮೊದಲು 1979ರಲ್ಲಿ, ಬಳಿಕ ಪರಿಷ್ಕೃತವಾಗಿ 2017ರಲ್ಲಿ ಸಹಿ ಪಡೆಯಿತು. ಕಥೋಲಿಕ ಗುರುವಿನ ಉನ್ನತ ವ್ಯಾಸಂಗ ಅವನ ಸ್ವಂತ ಆಯ್ಕೆಯಷ್ಟೇ ಅಲ್ಲ. ಬಿಷಪ್ ಅಥವಾ ಸಂನ್ಯಾಸ ಸಭೆಯ ಮುಖ್ಯಸ್ಥರು ಧರ್ಮಪ್ರಾಂತದ ಇಲ್ಲವೇ ಸಭೆಯ ಅಗತ್ಯ ನೋಡಿ ಕಳುಹಿಸುತ್ತಾರೆ. 1983ರ ಸಭಾ ಕಾನೂನು ಸಂಹಿತೆಯ 279ನೇ ವಿಧಿ ದೀಕ್ಷೆಯ ನಂತರವೂ ಶಾಸ್ತ್ರಾಧ್ಯಯನ ಮುಂದುವರಿಸಬೇಕೆಂದು ವಿಧಿಸುತ್ತದೆ. 378ನೇ ವಿಧಿಯಂತೆ ಬಿಷಪ್ ಆಗುವವರಿಗೆ ಬೈಬಲ್, ದೈವಶಾಸ್ತ್ರ ಅಥವಾ ಸಭಾ ಕಾನೂನಿನಲ್ಲಿ ಡಾಕ್ಟರೇಟ್ ಇಲ್ಲವೇ ಲೈಸೆನ್ಷಿಯೇಟ್ ಇರಬೇಕು, ಕಡೆಯ ಪಕ್ಷ ಆ ಶಾಸ್ತ್ರಗಳಲ್ಲಿ ನಿಜವಾದ ಪರಿಣತಿಯಿರಬೇಕು. ಧರ್ಮಪ್ರಾಂತದ ನ್ಯಾಯಾಲಯದ ಮುಖ್ಯಸ್ಥನಿಗೆ ಸಭಾ ಕಾನೂನಿನ ಪದವಿ ಕಡ್ಡಾಯ.

ಬಗೆಗಳು

ಹೆಚ್ಚು ರೂಢಿಯಲ್ಲಿರುವುದು ಅಧ್ಯಯನ ರಜೆ. ಸಭಾಪಾಲಕನು ಎರಡು ಮೂರು ವರ್ಷ ಸಭೆಯ ಹೊಣೆಯಿಂದ ಬಿಡುಗಡೆ ಪಡೆದು ವಸತಿ ವಿದ್ಯಾರ್ಥಿಯಾಗುತ್ತಾನೆ. ಡಯಾಸಿಸ್ (ಬಿಷಪ್ಪರ ಆಡಳಿತಕ್ಕೆ ಸೇರಿದ ಧರ್ಮಪ್ರಾಂತ) ಅವನಿಗೆ ಸಂಬಳದ ಒಂದು ಭಾಗವನ್ನೋ ವಿದ್ಯಾರ್ಥಿವೇತನವನ್ನೋ ಕೊಡುವುದೂ, ಓದು ಮುಗಿದ ಮೇಲೆ ಗೊತ್ತಾದ ವರ್ಷಗಳ ಕಾಲ ಅಲ್ಲೇ ಸೇವೆ ಮಾಡಬೇಕೆಂದು ಒಪ್ಪಂದ ಬರೆಸಿಕೊಳ್ಳುವುದೂ ಉಂಟು. ಕುಟುಂಬವಿರುವ ಸಭಾಪಾಲಕನಿಗೆ ರಜೆಯೊಂದಿಗೆ ಸಭೆಯ ಮನೆಯೂ ಬಿಟ್ಟುಹೋಗುವುದರಿಂದ ವಸತಿಯ ಪ್ರಶ್ನೆ ಶುಲ್ಕಕ್ಕಿಂತ ದೊಡ್ಡದಾಗಿರುತ್ತದೆ.

ಎರಡನೆಯದು ಬಿಡಿ ಅವಧಿಗಳ ವ್ಯಾಸಂಗ: ವರ್ಷದಲ್ಲಿ ಕೆಲವು ವಾರ ಕಾಲೇಜಿನಲ್ಲಿದ್ದು, ಉಳಿದ ಕಾಲ ಊರಿನಲ್ಲಿ ಬರವಣಿಗೆ. ಕ್ರಿಸ್‌ಮಸ್, ತಪಸ್ಸು ಕಾಲ ಮತ್ತು ಈಸ್ಟರ್ ಸುತ್ತಮುತ್ತ ಯಾವ ಸಭಾಪಾಲಕನೂ ಊರು ಬಿಡಲಾರನಾದ್ದರಿಂದ ಇಂಥ ಅವಧಿಗಳನ್ನು ಅವುಗಳಿಂದ ತಪ್ಪಿಸಿ ಇಡಬೇಕಾಗುತ್ತದೆ. ಮೂರನೆಯದು ಮೇಲೆ ವಿವರಿಸಿದ ವಿಸ್ತರಣಾ ಶಿಕ್ಷಣ. ನಾಲ್ಕನೆಯದು ಸಂಬಳದ ಉದ್ಯೋಗವೊಂದನ್ನು ಮಾಡುತ್ತ ಸಭೆಯನ್ನೂ ನಡೆಸುವವರ ಅರೆಕಾಲಿಕ ವ್ಯಾಸಂಗ. ಅಪೊಸ್ತಲ ಪೌಲನು ಗುಡಾರ ಮಾಡುವ ಕಸುಬಿನಿಂದ ಜೀವನ ನಡೆಸಿದನೆಂಬ ಹೊಸ ಒಡಂಬಡಿಕೆಯ ಉಲ್ಲೇಖವನ್ನು ಈ ಬಗೆಯ ಸೇವೆಗೆ ಆಧಾರವಾಗಿ ಹೇಳುವುದು ವಾಡಿಕೆ.

ಭಾಷೆ

ಕನ್ನಡದ ಸಭಾಪಾಲಕನ ಆರಾಧನೆ, ಬೋಧನೆ, ಮನೆಭೇಟಿಗಳೆಲ್ಲ ಕನ್ನಡದಲ್ಲಿ ನಡೆಯುತ್ತವೆ. ಕರಾವಳಿಯಲ್ಲಿ ತುಳು, ಕೊಂಕಣಿಗಳೂ ಸೇರುತ್ತವೆ. ಬಿ.ಡಿ. ನಂತರದ ವ್ಯಾಸಂಗವಾದರೋ ಬಹುತೇಕ ಇಂಗ್ಲಿಷಿನಲ್ಲೇ. ಸ್ನಾತಕೋತ್ತರ ಹಂತಕ್ಕೆ ಸಾಲುವಷ್ಟು ಆಕರಗ್ರಂಥಗಳು ಕನ್ನಡದಲ್ಲಿ ಇಲ್ಲದಿರುವುದೂ, ಮಾರ್ಗದರ್ಶಕರೂ ಪರೀಕ್ಷಕರೂ ನಾನಾ ಭಾಷೆಗಳ ಪ್ರದೇಶಗಳಿಂದ ಬರುವುದೂ ಇದಕ್ಕೆ ಕಾರಣ. ಪರಿಣಾಮವಾಗಿ ಹಳ್ಳಿಯ ಕನ್ನಡ ಸಭೆಗಳಲ್ಲಿ ದೀರ್ಘಕಾಲ ಕೆಲಸ ಮಾಡಿದವರು, ಅನುಭವದಲ್ಲಿ ಮುಂದಿದ್ದರೂ, ಪ್ರವೇಶದಲ್ಲೇ ಹಿಂದುಳಿಯುತ್ತಾರೆ. ಪುಣೆಗೆ ಓದಲು ಹೋಗುವ ಕನ್ನಡಿಗನಿಗೆ ತರಗತಿಯ ಇಂಗ್ಲಿಷಿನ ಜತೆಗೆ ಭಾನುವಾರದ ಪ್ರಾಯೋಗಿಕ ಸೇವೆಗೆ ಮರಾಠಿ ಅಥವಾ ಹಿಂದಿಯೂ ಬೇಕಾಗುತ್ತದೆ.

ಮಾನ್ಯತೆ

ದೈವಶಾಸ್ತ್ರದ ಪದವಿಗಳಿಗೆ ಭಾರತದಲ್ಲಿ ನಾಲ್ಕು ಬೇರೆ ಬೇರೆ ಆಧಾರಗಳಿವೆ. ಸೆರಾಂಪುರದ ಪದವಿಗಳಿಗೆ ಡೆನ್ಮಾರ್ಕಿನ ಸನ್ನದು ಮತ್ತು 1918ರ ಕಾಯಿದೆ ಆಧಾರ. ಪಾಂಟಿಫಿಕಲ್ ಸಂಸ್ಥೆಗಳ ಪದವಿಗಳಿಗೆ ವ್ಯಾಟಿಕನ್ನಿನ ಅಧಿಕಾರ. 1970ರಲ್ಲಿ ಸ್ಥಾಪಿತವಾದ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಪದವಿ ನೀಡುವ ವಿಶ್ವವಿದ್ಯಾಲಯವಲ್ಲ, ಗುಣಮಟ್ಟ ಪರಿಶೀಲಿಸಿ ಮಾನ್ಯತೆ ಕೊಡುವ ಒಕ್ಕೂಟ; ಸುವಾರ್ತಾ ಪರಂಪರೆಯ ಅನೇಕ ಸೆಮಿನರಿಗಳು ಇದರ ಮಾನ್ಯತೆ ಪಡೆದಿವೆ.

ನಾಲ್ಕನೆಯದು ಸರ್ಕಾರಿ ವಿಶ್ವವಿದ್ಯಾಲಯಗಳ ದಾರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ನೆಲೆಗೊಂಡಿತು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ಸ್ಥಾಪಕರಾದ ಡಿ. ಎಸ್. ಅಮಲೋರ್ಪವದಾಸ್ ಅದರ ಮೊದಲ ಮುಖ್ಯಸ್ಥರು. ಈ ವಿಭಾಗದ ಎಂ.ಎ., ಪಿಎಚ್.ಡಿ.ಗಳು ಸಾಮಾನ್ಯ ವಿಶ್ವವಿದ್ಯಾಲಯದ ಪದವಿಗಳೇ ಆಗಿರುವುದರಿಂದ ಸಭೆಯ ಹೊರಗೂ ಅವಕ್ಕೆ ಸಮಾನ ಬೆಲೆಯಿದೆ. ಸಾಯಾಕ್ಸ್‌ನಂಥ ಸಂಸ್ಥೆಗಳು ಇದೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಾಗಿ ಪಿಎಚ್.ಡಿ. ಅಭ್ಯರ್ಥಿಗಳಿಗೆ ಮಾರ್ಗದರ್ಶನ ನೀಡಿವೆ.

ಉಪಯೋಗ

ಉನ್ನತ ಪದವಿ ಪಡೆದವರಲ್ಲಿ ದೊಡ್ಡ ಪಾಲು ಸೆಮಿನರಿಗಳ ಅಧ್ಯಾಪಕರಾಗುತ್ತಾರೆ. ಮಿಕ್ಕವರು ಡಯಾಸಿಸ್‌ನ ಆಡಳಿತ, ಬೈಬಲ್ ಅನುವಾದ ಮತ್ತು ಪರಿಷ್ಕರಣೆ, ಆಸ್ಪತ್ರೆಗಳ ಆಪ್ತಸಲಹೆ, ಸಭಾಪತ್ರಿಕೆಗಳ ಸಂಪಾದನೆ, ಸರ್ವಧರ್ಮ ಸಂವಾದಗಳಲ್ಲಿ ತೊಡಗುತ್ತಾರೆ. ಅಧ್ಯಾಪಕರಾದವರು ಸಭೆಗೆ ಮರಳದಿರುವುದು ಈ ವ್ಯವಸ್ಥೆಯ ಹಳೆಯ ದೂರು. ಡಿ.ಮಿನ್. ಮತ್ತು ವಿಸ್ತರಣಾ ಕ್ರಮಗಳಲ್ಲಿ ಅಭ್ಯರ್ಥಿ ಸಭೆಯನ್ನು ಬಿಡುವುದೇ ಇಲ್ಲವಾದ್ದರಿಂದ ಆ ಸೋರಿಕೆ ಕಡಿಮೆ.

ಸದ್ಯದ ಸ್ಥಿತಿ

2020ರ ಕೊರೋನಾ ಲಾಕ್‌ಡೌನ್ ವಸತಿ ಸೆಮಿನರಿಗಳನ್ನೂ ಆನ್‌ಲೈನ್ ಬೋಧನೆಗೆ ಇಳಿಸಿತು. ಚರ್ಚಾಕೂಟಗಳು, ಮಾರ್ಗದರ್ಶಕರ ಭೇಟಿಗಳು ಅಂತರ್ಜಾಲದಲ್ಲಿ ನಡೆಯುವುದು ಆಮೇಲೂ ಉಳಿಯಿತು. ವಾಕಡದಲ್ಲಿರುವ ಸಭಾಪಾಲಕ ಬೆಂಗಳೂರಿನ ಮಾರ್ಗದರ್ಶಕರೊಂದಿಗೆ ಕೆಲಸ ಮಾಡುವುದು ಇದರಿಂದ ಸಾಧ್ಯವಾಗಿದೆ. ಗ್ರಂಥಾಲಯದ ದೂರ ಮಾತ್ರ ಅಷ್ಟು ಸುಲಭವಾಗಿ ನೀಗಿಲ್ಲ. ಮಿಷನ್ ಕಾಲದ ಕನ್ನಡ ದಾಖಲೆಗಳ ಮೇಲೆ ಸಂಶೋಧನೆ ಮಾಡುವವರು ಬಲ್ಮಠಕ್ಕೋ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರಕ್ಕೋ ಹೋಗಲೇಬೇಕಾಗುತ್ತದೆ.

ವಿಶ್ವವಿದ್ಯಾಲಯದ ದಾರಿ ಹಿಡಿಯುವವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿ ಅನ್ವಯಿಸುತ್ತದೆ. ಅದರಂತೆ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು, ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ, ಕನಿಷ್ಠ 12 ಕ್ರೆಡಿಟ್‌ಗಳ ಪಾಠಕ್ರಮ ಮುಗಿಸಬೇಕು. ದೂರಶಿಕ್ಷಣದ ಅಥವಾ ಪೂರ್ತಿ ಆನ್‌ಲೈನಿನ ಪಿಎಚ್.ಡಿ.ಗೆ ಅನುಮತಿಯಿಲ್ಲ. ಸಭಾಪಾಲಕನ ಮಟ್ಟಿಗೆ ನಿರಾಕ್ಷೇಪಣಾ ಪತ್ರ ಕೊಡಬೇಕಾದವರು ಅವನನ್ನು ನಿಯೋಜಿಸಿದ ಡಯಾಸಿಸ್ ಅಥವಾ ಸಭಾಮಂಡಳಿಯವರು. ಸಭಾಪಾಲಕರ ವರ್ಗಾವಣೆ ಕೆಲವು ವರ್ಷಗಳಿಗೊಮ್ಮೆ ನಡೆಯುವ ಸಭೆಗಳಲ್ಲಿ ಆರು ವರ್ಷದೊಳಗೆ ಒಮ್ಮೆಯಾದರೂ ಊರು ಬದಲಾಗುವ ಸಂಭವವಿದೆ. ಒಂದೇ ಸಭೆಯನ್ನು ಕ್ಷೇತ್ರವಾಗಿ ಆರಿಸಿಕೊಂಡ ಸಂಶೋಧನೆಗೆ ಇದು ತೊಡಕಾಗುವುದರಿಂದ, ಅಂಥ ವಿಷಯಗಳಿಗೆ ನೋಂದಣಿಯ ಹೊತ್ತಿನಲ್ಲೇ ವರ್ಗಾವಣೆಯ ಬಗ್ಗೆ ಡಯಾಸಿಸ್‌ನೊಂದಿಗೆ ಮಾತಾಗಬೇಕಾಗುತ್ತದೆ.